ದೂಳಿನ ಸೀಮೆಯಲ್ಲಿ ಕಾರು ತೊಳೆಯುವುದು: ಚಿನಕುರಳಿಯಲ್ಲಿ ಒಂದು ಬೆಳಗು

ಚಿನಕುರಳಿ ಪಾಂಡವಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಪಾಂಡವಪುರದಿಂದ ಕೆ.ಆರ್. ಪೇಟೆ ಸೀಮೆಯತ್ತ ಹೊರಟವರು ಹಾದುಹೋಗುವ ಊರು. ನೀರು ಸಿಕ್ಕಲ್ಲಿ ಕಬ್ಬು, ಭತ್ತ; ಸಿಗದಲ್ಲಿ ರಾಗಿ, ಹುರುಳಿ; ಎಲ್ಲೆಲ್ಲೂ ತೆಂಗು. ನಡುನಡುವೆ ತಲೆಯೆತ್ತಿದ ಕಲ್ಲುಗುಡ್ಡಗಳು. ಈ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಪಕ್ಕ ಕಾರೂ ನಿಂತಿರುವುದು ಈಗ ಮಾಮೂಲು. ಬೆಂಗಳೂರು, ಮೈಸೂರಿಗೆ ಕೆಲಸಕ್ಕೆ ಹೋದ ಮಕ್ಕಳು ಹಬ್ಬಕ್ಕೆ, ಬೀಗರೂಟಕ್ಕೆ ಬರುವುದೂ ಕಾರಿನಲ್ಲೇ. ಊರು ಸೇರುವ ಹೊತ್ತಿಗೆ ಕಾರಿನ ಬಣ್ಣ ಕಾಣದಷ್ಟು ದೂಳು ಕೂತಿರುತ್ತದೆ. ಮದುವೆ ಮನೆಯಾದರಂತೂ ಗಂಡಿನ ಕಡೆಯವರು ಹೊರಡಲು ಅರ್ಧ ಗಂಟೆಯೂ ಉಳಿದಿರುವುದಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಹಳೆಯ ಪಂಚೆ ಹಿಡಿದು ಬಾನೆಟ್ ಒರೆಸಲು ಶುರು ಮಾಡಿರುತ್ತಾರೆ.

ಕಾರಿನ ಬಣ್ಣ ಹಾಳಾಗುವುದು ಆ ಗಳಿಗೆಯಲ್ಲಿ. ದೂಳು ಎಷ್ಟು ದಿನ ಸುಮ್ಮನೆ ಕೂತಿದ್ದರೂ ಬಣ್ಣವನ್ನು ಗೀರುವುದಿಲ್ಲ. ಅದನ್ನು ಒಣಗಿದ್ದ ಹಾಗೇ ಉಜ್ಜಿದ ಕೈ ಗೀರುತ್ತದೆ. ಈ ಒಂದು ಮಾತನ್ನು ಇಟ್ಟುಕೊಂಡು ಶ್ರೀರಂಗಪಟ್ಟಣದಿಂದ ಚಿನಕುರಳಿಯವರೆಗೆ ಬಂದರೆ, ಸಮಯ ಕಡಿಮೆ ಇದ್ದಾಗ ಕಾರನ್ನು ಹೇಗೆ ತೊಳೆಯಬೇಕೆಂಬುದನ್ನು ದಾರಿಯೇ ಕಲಿಸಿಕೊಡುತ್ತದೆ.

ದಾರಿ ಹಚ್ಚುವ ಕೊಳೆ

ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣದವರೆಗಿನ ಪಯಣ ವೇಗವಾಯಿತು. ಆ ವೇಗಕ್ಕೆ ತಕ್ಕ ಕೊಳೆಯೂ ಬಂತು. ಮುಸ್ಸಂಜೆಯಲ್ಲಿ ಗದ್ದೆ ಬಯಲಿನ ಮೇಲೆ ಹಾರಾಡುವ ಹುಳಗಳು ಬಂಪರಿಗೆ, ಬಾನೆಟ್ಟಿನ ಮೂತಿಗೆ, ಕನ್ನಡಿಗಳ ಬೆನ್ನಿಗೆ ಬಡಿದು ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಅವು ಒಣಗಿ ಗಟ್ಟಿಯಾಗುತ್ತವೆ. ಹುಳದ ಮೈರಸದಲ್ಲಿ ಆಮ್ಲದ ಅಂಶವಿದೆ. ಬಿಟ್ಟಷ್ಟೂ ಬಣ್ಣವನ್ನು ತಿನ್ನುತ್ತದೆ.

ಶ್ರೀರಂಗಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೆನಿಸಿದ ಜಾಗ. ಕಾವೇರಿಯ ದಂಡೆಯುದ್ದಕ್ಕೂ, ಕೆರೆ ಏರಿಗಳ ಮರಗಳಲ್ಲೂ ಕೊಕ್ಕರೆಗಳು ಬೀಡುಬಿಟ್ಟಿರುತ್ತವೆ. ಅಂಥ ಮರದ ನೆರಳಿಗೆ ಕಾರು ನಿಲ್ಲಿಸಿ ಹೋದವರಿಗೆ ಹಕ್ಕಿ ಹಿಕ್ಕೆಯ ಬಿಳಿ ಮಚ್ಚೆಗಳು ಕಾದಿರುತ್ತವೆ. ಅದರಲ್ಲಿ ಯೂರಿಕ್ ಆಮ್ಲವೂ ಇದೆ, ಹಕ್ಕಿ ನುಂಗಿದ ಗಟ್ಟಿ ಕಣಗಳೂ ಇವೆ. ಉಗುರಿನಿಂದ ಕೆರೆದರೆ ಎರಡು ಕಡೆಯಿಂದ ನಷ್ಟ: ಆಮ್ಲ ತಿಂದದ್ದು ಒಂದು, ಕಣ ಗೀರಿದ್ದು ಇನ್ನೊಂದು.

ಮುಂದೆ ಪಾಂಡವಪುರ. ಹಿಂದೆ ಹಿರೋಡೆ ಎನಿಸಿಕೊಂಡಿದ್ದ ಊರು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಪಡೆಯ ಬಿಡಾರದಿಂದಾಗಿ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಕಬ್ಬು ಅರೆಯುವ ಕಾಲದಲ್ಲಿ ಈ ಸೀಮೆಯ ಗಾಳಿಯಲ್ಲಿ ಎರಡು ಬಗೆಯ ಬೂದಿ ತೇಲುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಸಿಪ್ಪೆ ಉರಿದು ಹಾರುವ ಬೂದಿ ಒಂದು, ಆಲೆಮನೆಯ ಒಲೆಯಿಂದೇಳುವ ಮಸಿ ಇನ್ನೊಂದು. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೆಚ್ಚು. ನೋಡಲು ಮೆತ್ತಗಿದ್ದರೂ ಬಟ್ಟೆಗೆ ಸಿಕ್ಕರೆ ಅದು ಉಜ್ಜುವ ಪುಡಿಯೇ. ಆಲೆಮನೆ ಮಸಿಗೆ ಜಿಡ್ಡಿದೆ. ಬರೀ ನೀರಿಗೆ ಬಿಡುವುದಿಲ್ಲ, ಶಾಂಪೂ ನೊರೆ ಬೇಕು.

ಗದ್ದೆ ಕೆಲಸದ ಕಾಲದಲ್ಲಿ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರುಗಳು ಕೆಸರನ್ನು ರಸ್ತೆಗೆ ಹೊತ್ತು ತರುತ್ತವೆ. ಸುಗ್ಗಿಯಲ್ಲಿ ಕಣದ ಕೆಲಸ ರಸ್ತೆಗೇ ಬರುತ್ತದೆ: ಹುರುಳಿ, ರಾಗಿ ತೆನೆಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುತ್ತಾರೆ. ಹೀಗೆ ಹರಡಿದ ಒಣ ಬಳ್ಳಿ ಕಾರಿನಡಿ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿದ ಪ್ರಸಂಗಗಳು ರಾಜ್ಯದಲ್ಲಿ ನಡೆದಿವೆ. ಅಂಥ ರಸ್ತೆ ದಾಟಿ ಬಂದವರು ಬಣ್ಣದ ಚಿಂತೆಗೆ ಮೊದಲು ಬಗ್ಗಿ ಕಾರಿನ ಹೊಟ್ಟೆ ನೋಡಬೇಕು. ಸಿಕ್ಕಿಕೊಂಡ ಹುಲ್ಲನ್ನು ಎಂಜಿನ್ ಆರಿದ ಮೇಲೆ ಬಿಡಿಸಿ ತೆಗೆಯಬೇಕು.

ಕಲ್ಲುಪುಡಿಯ ಬಲ

ಚಿನಕುರಳಿಯ ಸುತ್ತಿನಲ್ಲಿ ಕಾರಿಗೆ ನಿಜವಾದ ಶತ್ರು ಕಲ್ಲುಪುಡಿ. ಹತ್ತಿರದ ಬೇಬಿ ಬೆಟ್ಟ ಶಿವರಾತ್ರಿ ಸಮಯದ ದನಗಳ ಜಾತ್ರೆಗೆ ಎಷ್ಟು ಹೆಸರಾಗಿತ್ತೋ, ಮುಂದೆ ಕಲ್ಲು ಗಣಿ, ಜಲ್ಲಿ ಕ್ರಷರ್‌ಗಳಿಗೂ ಅಷ್ಟೇ ಹೆಸರಾಯಿತು. ಕೆಆರ್‌ಎಸ್ ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದು, 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಆದರೂ ಜಲ್ಲಿ, ಎಂ–ಸ್ಯಾಂಡ್ ಹೊತ್ತ ಟಿಪ್ಪರ್‌ಗಳು ಎಲ್ಲಿಂದಲೋ ಎಲ್ಲಿಗೋ ಹೋಗುತ್ತಲೇ ಇರುತ್ತವೆ. ಟಾರ್ಪಾಲಿನ ಸಂದಿನಿಂದ ಉದುರಿದ ಪುಡಿ ರಸ್ತೆಯ ಅಂಚಿನಲ್ಲಿ ಬಿದ್ದಿದ್ದು, ಹಿಂದೆ ಬರುವ ಕಾರಿನ ಮೈಗೆ ಏರುತ್ತದೆ.

ಈ ಸೀಮೆಯ ಬಂಡೆ ಗ್ರಾನೈಟ್ ಮತ್ತು ನೈಸ್ ಜಾತಿಯದು. ಅದರಲ್ಲಿರುವುದು ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7, ಫೆಲ್ಡ್‌ಸ್ಪಾರ್‌ನದು 6. ಗಾಜನ್ನೇ ಗೀರಬಲ್ಲ ಕಲ್ಲು ಬೆಣಚು. ನೆಲದ ಕೆಮ್ಮಣ್ಣಿನಲ್ಲೂ ಇರುವುದು ಇದೇ ಬೆಣಚಿನ ಮರಳು.

ಇದರೆದುರು ಕಾರಿನ ಬಣ್ಣ ಎಷ್ಟರದು? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ‘ಕ್ಲಿಯರ್ ಕೋಟ್’. ನಾಲ್ಕೂ ಸೇರಿದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮಿರುಗು ಕೊಡುವ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಇಂಥ ಪದರದ ಮೇಲೆ ಬೆಣಚಿನ ಪುಡಿ ಕೂತಿರುವಾಗ ಒಣಬಟ್ಟೆ ಆಡಿಸುವುದು ಬಡಗಿ ಮರಕ್ಕೆ ಉಪ್ಪುಕಾಗದ ಹಾಕಿದ ಹಾಗೆ. ಬೆಳಿಗ್ಗೆದ್ದು ದಿನವೂ ಡಸ್ಟರಿನಿಂದ ಒರೆಸಿಸಿಕೊಂಡ ಕಪ್ಪು ಅಥವಾ ಗಾಢ ನೀಲಿ ಕಾರನ್ನು ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಸೂರ್ಯನ ಸುತ್ತ ಜೇಡರ ಬಲೆಯಂಥ ಸುಳಿಗೀರುಗಳು ಕಾಣುತ್ತವೆ.

ಪಾಲಿಶ್ ಮಾಡಿಸಿದರೆ ಅವು ಹೋಗುತ್ತವೆ, ನಿಜ. ಆದರೆ ಪಾಲಿಶ್ ಗೀರನ್ನು ತುಂಬುವುದಿಲ್ಲ; ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡುತ್ತದೆ. ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಗೀರು ಬೀಳದಂತೆ ತೊಳೆಯುವುದೇ ಅಗ್ಗದ ದಾರಿ.

ಅಂಗಳದಲ್ಲಿ ಇಪ್ಪತ್ತು ನಿಮಿಷ

ಚಿನಕುರಳಿಯಲ್ಲಿ ನಾನು ಕಾರು ನಿಲ್ಲಿಸಿದ್ದು ಪರಿಚಿತರ ಮನೆಯ ಅಂಗಳದಲ್ಲಿ, ಬೆಳಗಿನ ನೆರಳು ಇನ್ನೂ ಉಳಿದಿದ್ದ ಕಡೆ. ನೆರಳು ಆರಿಸಿಕೊಳ್ಳುವುದು ಮೊದಲ ಕೆಲಸ. ಬಿಸಿಲಿಗೆ ಕಾದ ತಗಡಿನ ಮೇಲೆ ನೀರೂ ಶಾಂಪೂವೂ ಕ್ಷಣದಲ್ಲಿ ಒಣಗಿ ಕಲೆ ಕಟ್ಟುತ್ತವೆ. ತೆಂಗಿನ ಮರದ ಬುಡ ಬೇಡ. ಕಾಯಿ, ಗರಿ ಬಿದ್ದರೆ ಬಣ್ಣದ ಜೊತೆ ತಗಡೂ ಹೋಗುತ್ತದೆ. ಬಾನೆಟ್ ಕೈಯಿಟ್ಟರೆ ಸುಡುತ್ತಿದ್ದರೆ ಸ್ವಲ್ಪ ಆರಲಿ. ಓಡಿ ಬಂದ ಚಕ್ರದ ಕಾದ ಬ್ರೇಕ್ ಡಿಸ್ಕ್ ಮೇಲೆ ತಣ್ಣೀರು ಸುರಿಯಬಾರದು. ಆರುವ ಹೊತ್ತಿನಲ್ಲಿ ಬಕೆಟ್ಟು, ಬಟ್ಟೆ ಹೊಂದಿಸಿಕೊಳ್ಳಬಹುದು.

ಬೇಕಾದವೆಲ್ಲ ಹಳ್ಳಿಮನೆಯಲ್ಲೇ ಇವೆ. ಪೇಂಟಿನ ಖಾಲಿ ಡಬ್ಬ ಎರಡು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ನಾಲ್ಕು, ಕಾರಿನ ಶಾಂಪೂ ಸ್ವಲ್ಪ; ಇವೆರಡು ಮಾತ್ರ ಪೇಟೆಯಿಂದ ತಂದಿರಬೇಕು. ಇನ್ನೊಂದು ಸಾಧನ ಈ ಸೀಮೆಯ ಬಹುಪಾಲು ರೈತರ ಮನೆಯಲ್ಲಿ ಇದೆ: ಬೆನ್ನಿಗೇರಿಸುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್. ಅದರ ಹದವಾದ ತುಂತುರು ದೂಳು ನೆನೆಸಲು ಹೇಳಿ ಮಾಡಿಸಿದ್ದು. ಕಳೆನಾಶಕ, ಕೀಟನಾಶಕ ತುಂಬಿದ ಕ್ಯಾನನ್ನು ಮಾತ್ರ ಮುಟ್ಟಬೇಡಿ. ಎಷ್ಟು ತೊಳೆದರೂ ಮೂಲೆಯಲ್ಲಿ ವಿಷ ಉಳಿದಿರುತ್ತದೆ, ಅದು ತೊಳೆಯುವವರ ಮುಖಕ್ಕೆ, ಅಂಗಳದ ಮಕ್ಕಳಿಗೆ, ದನಕ್ಕೆ ತಗಲುತ್ತದೆ. ಕಾರಿಗೆಂದೇ ಒಂದು ಚಿಕ್ಕ ಹ್ಯಾಂಡ್ ಸ್ಪ್ರೇಯರ್ ಇಟ್ಟುಕೊಂಡರೆ ಒಳ್ಳೆಯದು.

ಮೊದಲ ಐದು ನಿಮಿಷ ಕೈ ಕಾರನ್ನು ಮುಟ್ಟುವುದೇ ಬೇಡ. ಕೆಸರು ಹೆಚ್ಚಿರುವ ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು, ಹಿಂದಿನ ಬಂಪರ್ ಮೊದಲು ನೆನೆಯಲಿ. ಆಮೇಲೆ ಛಾವಣಿಯಿಂದ ಕೆಳಗೆ ನೀರು ಸಿಂಪಡಿಸಿ. ಹುಳ ಅಂಟಿದ ಮೂತಿಗೆ, ಹಿಕ್ಕೆಯ ಮಚ್ಚೆಗೆ ಒದ್ದೆ ಬಟ್ಟೆ ಹೊದಿಸಿ ಬಿಡಿ; ನೆನೆದ ಮೇಲೆ ಉಜ್ಜದೆ ಎತ್ತಿದರೆ ಬಟ್ಟೆಯ ಜೊತೆಗೇ ಬರುತ್ತದೆ. ಸ್ಪ್ರೇಯರಿಗೆ ಕೊಂಚ ಶಾಂಪೂ ಬೆರೆಸಿದರೆ ಆಲೆಮನೆಯ ಜಿಡ್ಡೂ ಸಡಿಲಗೊಳ್ಳುತ್ತದೆ.

ಮುಂದಿನ ಮೂರು ನಾಲ್ಕು ನಿಮಿಷ ಹೊಯ್ಯುವ ನೀರು. ಪೈಪಿದ್ದರೆ ಪೈಪು, ಇಲ್ಲದಿದ್ದರೆ ಚೊಂಬು. ಛಾವಣಿಯ ನಡುವಿನಿಂದ ಹೊಯ್ದರೆ ನೀರು ಗಾಜು, ಬಾಗಿಲು, ಕೆಳಗಂಚು ಹಾದು ಇಳಿಯುತ್ತದೆ. ಇಳಿಯುವ ನೀರಿನ ಬಣ್ಣ ನೋಡುತ್ತಿರಿ: ಕೆಂಪು, ಬೂದು ಹೋಗಿ ತಿಳಿಯಾಗುವವರೆಗೆ ಬಟ್ಟೆಗೆ ಕೈ ಹಾಕಬೇಡಿ. ಇಡೀ ಕೆಲಸದ ಮುಕ್ಕಾಲು ಪಾಲು ಲಾಭ ಈ ನೀರಿನದು.

ಈಗ ಬಟ್ಟೆಯ ಸರದಿ. ಒಂದು ಡಬ್ಬದಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲಿನಷ್ಟು ಜಾಗ ಒರೆಸಿ, ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿ, ಆಮೇಲೆ ಮತ್ತೆ ಶಾಂಪೂಗೆ ಅದ್ದಬೇಕು. ಒರೆಸುವಾಗ ಒತ್ತಬಾರದು, ಗುಂಡಗೆ ತಿರುವಬಾರದು. ನೇರ ಗೆರೆಯಲ್ಲಿ ಎಳೆಯಬೇಕು. ಡಬ್ಬದ ತಳಕ್ಕೆ ಬಟ್ಟೆ ಮುಟ್ಟಿಸಬೇಡಿ, ಮರಳೆಲ್ಲ ಇಳಿದು ಕೂತಿರುವುದು ಅಲ್ಲೇ. ಛಾವಣಿ, ಗಾಜು, ಬಾನೆಟ್, ಬಾಗಿಲ ಮೇಲರ್ಧ, ಕೊನೆಗೆ ಕೆಳಭಾಗ ಎಂಬುದು ಕ್ರಮ. ಚಕ್ರಕ್ಕೆ ಬೇರೆಯೇ ಬಟ್ಟೆ ಇರಲಿ; ಬ್ರೇಕಿನಿಂದುದುರಿದ ಲೋಹದ ಪುಡಿ ಬಣ್ಣದ ಮೇಲೆ ಬರಬಾರದು. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಎತ್ತಿ ಪಕ್ಕಕ್ಕಿಡಿ. ಕೊಡವಿ ಮತ್ತೆ ಬಳಸುವಂತಿಲ್ಲ, ಅಂಗಳದ ಮರಳು ನೂಲಿನೊಳಗೆ ಹೊಕ್ಕಿರುತ್ತದೆ.

ಶಾಂಪೂ ತೀರಿದ್ದರೆ ಬಟ್ಟೆ ಸೋಪಿನ ಪುಡಿ ಹಾಕಬೇಡಿ. ಅದು ಕ್ಷಾರ, ಬಣ್ಣದ ಮೇಲಿರುವ ಮೇಣದ ಕಾಪನ್ನು ತೊಳೆದುಹಾಕುತ್ತದೆ, ಬಾಗಿಲ ರಬ್ಬರನ್ನು ಒಣಗಿಸುತ್ತದೆ. ಮಿರುಗಲೆಂದು ಸೀಮೆಎಣ್ಣೆ, ಡೀಸೆಲ್ ಸವರುವವರು ಈಗಲೂ ಇದ್ದಾರೆ. ಆ ಮಿರುಗು ಒಂದು ದಿನದ್ದು. ರಬ್ಬರಿಗೆ ಆದ ಹಾನಿ ಉಳಿದೇ ಬಿಡುತ್ತದೆ, ಎಣ್ಣೆ ಪಸೆಗೆ ಹೊಸ ದೂಳೂ ಹೆಚ್ಚು ಅಂಟುತ್ತದೆ. ತೆಂಗಿನ ನಾರು, ಪಾತ್ರೆ ಉಜ್ಜುವ ಬ್ರಷ್ಷು ಟೈರಿಗೆ ಮಾತ್ರ.

ಕೊನೆಯ ಮೂರು ನಿಮಿಷ ಒರೆಸಲು. ಇದನ್ನು ಬಿಡುವಂತಿಲ್ಲ. ಚಿನಕುರಳಿ, ನಾಗಮಂಗಲದ ಕಡೆ ಮನೆಗಳಿಗೆ ಬರುವುದು ಹೆಚ್ಚಾಗಿ ಬೋರ್‌ವೆಲ್ ನೀರು. ಬಂಡೆಯ ಬಿರುಕಿನಲ್ಲಿ ಹಾದು ಬಂದ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಸೇರಿರುತ್ತದೆ. ತಾನಾಗಿ ಒಣಗಲು ಬಿಟ್ಟರೆ ಪ್ರತಿ ಹನಿಯೂ ಸುಣ್ಣದ ಬಿಳಿ ಉಂಗುರ ಬಿಟ್ಟುಹೋಗುತ್ತದೆ. ಬಿಸಿಲಿಗೆ ಕಾದರೆ ಆ ಕಲೆ ಕ್ಲಿಯರ್ ಕೋಟಿನೊಳಗೆ ಇಳಿಯುತ್ತದೆ. ಒಣಗಿದ ಶುಚಿಯಾದ ಮೈಕ್ರೋಫೈಬರ್ ಬಟ್ಟೆ ಹಾಸಿ, ಒತ್ತದೆ ನೀರು ಹೀರಿಸಿಕೊಳ್ಳಿ.

ವಾಟರ್ ಸರ್ವೀಸ್ ಅಂಗಡಿಯ ಮುಂದೆ

ಅಂಗಳ ಇಲ್ಲದವರು, ಕೈ ನೋಯುವವರು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ಊರುಗಳ ‘ವಾಟರ್ ಸರ್ವೀಸ್’ ಅಂಗಡಿಗೆ ಹೋಗುತ್ತಾರೆ. ಕಂಪ್ರೆಸರಿನ ಸದ್ದು, ಗನ್ನಿನಿಂದ ಚಿಮ್ಮುವ ನೀರು, ಮೈತುಂಬ ನೊರೆ; ನೋಡಲು ಕೆಲಸ ಭರ್ಜರಿಯಾಗಿ ಕಾಣುತ್ತದೆ. ಅಲ್ಲಿ ದುಡಿಯುವ ಹುಡುಗರ ಶ್ರಮವೂ ದೊಡ್ಡದು. ದಿನವಿಡೀ ಒದ್ದೆಯಲ್ಲಿ ನಿಂತು ಟ್ರ್ಯಾಕ್ಟರು, ಟಿಪ್ಪರು, ಕಾರು, ಬೈಕು ಎಲ್ಲವನ್ನೂ ತೊಳೆಯುತ್ತಾರೆ.

ತೊಂದರೆ ಇರುವುದು ಅಲ್ಲೇ. ಟಿಪ್ಪರಿನ ಜಲ್ಲಿ ಪುಡಿ ಹೀರಿದ ಬಟ್ಟೆ ಅದೇ ಬಕೆಟ್ಟಿಗೆ ಬಿದ್ದು ಮುಂದಿನ ಕಾರಿನ ಬಾನೆಟ್ ಮೇಲೆ ಬರಬಹುದು. ಆದ್ದರಿಂದ ನಿಮ್ಮ ಬಟ್ಟೆಯನ್ನು ನೀವೇ ಒಯ್ಯಿರಿ. ಬಕೆಟ್ಟಿನ ನೀರು ಬದಲಿಸಲು ವಿನಯದಿಂದ ಕೇಳಿ. ಗನ್ನಿನ ನೀರನ್ನು ಬೀಸಣಿಗೆಯಾಗಿ ಹರಡಿ, ಒಂದೂವರೆ ಅಡಿ ದೂರದಿಂದ ಹೊಡೆಯಲು ಹೇಳಿ. ಸೂಜಿಯಂಥ ಧಾರೆಯನ್ನು ಹತ್ತಿರ ಹಿಡಿದರೆ ಕಲ್ಲು ಸಿಡಿದು ಬಣ್ಣ ಎದ್ದ ಜಾಗದಲ್ಲಿ ಪದರವೇ ಕಿತ್ತು ಬರುತ್ತದೆ. ಅವಸರವಿದ್ದರೆ ನೊರೆ ಹಾಕಿಸಿ, ಗನ್ನಿನಿಂದ ತೊಳೆಸಿ, ಅಲ್ಲಿಗೇ ನಿಲ್ಲಿಸಿ. ಉಜ್ಜುವ ಹಂತ ಬಿಟ್ಟರೆ ಹತ್ತು ನಿಮಿಷ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

ಈ ಅಂಗಡಿಗಳಿಗೆ ವರ್ಷದಲ್ಲೊಂದು ದಿನ ಉಸಿರಾಡಲೂ ಬಿಡುವಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ ನಾಡು ಇದು. ಆಯುಧಪೂಜೆಗೆ ನೇಗಿಲಿನಿಂದ ಹಿಡಿದು ಕಾರಿನವರೆಗೆ ಎಲ್ಲವೂ ಮಿಂದು ಬರಬೇಕು. ಅಂದಿನ ಸರತಿಯಲ್ಲಿ ಅವಸರದ ಕೈಗೆ ಕಾರು ಕೊಡುವುದಕ್ಕಿಂತ ಹಿಂದಿನ ದಿನವೇ ತೊಳೆದಿಡುವುದು ಲೇಸು. ಪೂಜೆಯಾದ ಮೇಲಿನ ಎಚ್ಚರವೂ ಬೇಕು. ಅರಿಶಿನ, ಕುಂಕುಮದ ಬಣ್ಣ ದಿನಗಟ್ಟಲೆ ಬಿಟ್ಟರೆ ಬಿಳಿ ಕಾರಿನಲ್ಲಿ ಕಲೆಯಾಗಿ ನಿಲ್ಲುತ್ತದೆ. ಪೂಜೆಯ ನಿಂಬೆಯ ರಸವೂ ಆಮ್ಲವೇ. ಗಂಧ, ಕುಂಕುಮವನ್ನು ಗಾಜಿಗೆ, ನಂಬರ್ ಪ್ಲೇಟಿನ ಅಂಚಿಗೆ ಇಟ್ಟರೂ ಪೂಜೆ ಪೂಜೆಯೇ. ಮದುವೆ ಕಾರಿಗೂ ಇದೇ ಮಾತು: ದೂಳಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ಹೂ ಕಟ್ಟಬೇಡಿ. ಜಾಗ ತೊಳೆದು ಒರೆಸಿ, ರಿಬ್ಬನ್ನಿನಿಂದ ಬಾಗಿಲ ಸಂದಿಗೆ ಕಟ್ಟಿಸಿ, ಸಂಜೆಗೇ ಬಿಚ್ಚಿಸಿ.

ನಾಲೆಗೆ ಇಳಿಸಬೇಡಿ

ಅವಸರದಲ್ಲಿ ಹಲವರ ಕಣ್ಣು ಹೋಗುವುದು ವಿಶ್ವೇಶ್ವರಯ್ಯ ನಾಲೆಯ ಕಡೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್‌ನಿಂದ, ಹೊರಟು ಮಂಡ್ಯದ ಬಯಲನ್ನು ಹಸಿರಾಗಿಸಿದ ನೀರು ಅದು. ಏರಿಯ ಮೇಲೆ ಕಾರು ನಿಲ್ಲಿಸಿ, ಬಿಂದಿಗೆಯಲ್ಲಿ ನೀರು ಮೊಗೆದು ಸುರಿಯುವುದು ಸುಲಭವಾಗಿ ಕಾಣುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. 2018ರ ನವೆಂಬರ್ 24ರಂದು ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. 2023ರ ನವೆಂಬರ್‌ನಲ್ಲಿ ಬನಘಟ್ಟದ ಬಳಿ ಕಾರು ಬಿದ್ದು ಐವರು ಹೋದರು. ಪಾಚಿಗಟ್ಟಿದ ಇಳಿಜಾರು, ಒಳಗೆ ಎಳೆಯುವ ಸೆಳೆತ; ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಕಾರಿನ ಬಣ್ಣಕ್ಕಾಗಿ ಆ ಅಂಚಿಗೆ ಹೋಗಬೇಕಾಗಿಲ್ಲ.

ಬಣ್ಣದ ಲೆಕ್ಕದಲ್ಲೂ ಲಾಭವಿಲ್ಲ, ಹರಿವ ನಾಲೆಯ ನೀರಿನಲ್ಲಿ ಹೂಳಿನ ಕಣ ತೇಲುತ್ತಿರುತ್ತದೆ. ಕಾವೇರಿಯ ಸೋಪಾನಗಳಲ್ಲಿ, ಕೆರೆಯಂಚಿನಲ್ಲಿ ಗಾಡಿ ತೊಳೆದರೆ ಎಂಜಿನ್ ಎಣ್ಣೆ, ಸೋಪು, ಬ್ರೇಕ್ ಪುಡಿ ಎಲ್ಲ ದನ ಕುಡಿಯುವ, ಜನ ಮೀಯುವ ನೀರಿಗೆ ಸೇರುತ್ತದೆ. ಹೊಳೆ ಕೆರೆಗೆ ಕೊಳೆ ಸೇರಿಸುವುದನ್ನು 1974ರ ಜಲ ಮಾಲಿನ್ಯ ಕಾಯ್ದೆಯೂ ತಡೆಯುತ್ತದೆ.

ನೀರಿನ ಬೆಲೆ ಗೊತ್ತಿರುವ ಸೀಮೆ ಇದು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತೇ ಎಂದು ಪ್ರತಿ ಮಳೆಗಾಲ ಕಾಯುವ ಜನ ಇಲ್ಲಿಯವರು. ಇದೇ ಕಾವೇರಿ ನೀರು ಕುಡಿಯುವ ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಬೇಕಾಯಿತು. ಪೈಪನ್ನು ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ನೂರು ಲೀಟರಿಗೂ ಮೇಲೆ ಹರಿದುಹೋಗುತ್ತದೆ. ಸ್ಪ್ರೇಯರಿನ 16 ಲೀಟರ್, ಎರಡು ಡಬ್ಬ, ಹೊಯ್ಯಲು ಇನ್ನೆರಡು ಬಕೆಟ್ ಇದ್ದರೆ ಮಧ್ಯಮ ಗಾತ್ರದ ಕಾರು ಚೊಕ್ಕವಾಗುತ್ತದೆ.

ಇಪ್ಪತ್ತು ನಿಮಿಷವೂ ಇಲ್ಲದವರಿಗೆ

ಹತ್ತೇ ನಿಮಿಷ ಇದ್ದರೆ ನೆನೆಸಿ, ಹೊಯ್ದು, ನೀರು ಹೀರಿಸಿ ಹೊರಡಿ. ದೂಳಿನ ತೆಳು ಪೊರೆ ಅಲ್ಲಲ್ಲಿ ಉಳಿಯಲಿ, ನಾಳೆ ತೊಳೆಯಬಹುದು. ಐದೇ ನಿಮಿಷ ಇದ್ದರೆ ಮುಂದಿನ, ಹಿಂದಿನ ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟ್ ಇಷ್ಟಕ್ಕೇ ನೀರು ಹಾಕಿ ಒರೆಸಿಕೊಳ್ಳಿ. ದಾರಿ ಕಾಣಲು, ನೀವು ಬೇರೆಯವರಿಗೆ ಕಾಣಲು ಬೇಕಾದದ್ದು ಅವು. ಹಕ್ಕಿ ಹಿಕ್ಕೆ ಇದ್ದರೆ ಅದೊಂದನ್ನು ನೆನೆಸಿ ತೆಗೆಯಿರಿ, ಅದು ನಾಳೆಯವರೆಗೆ ಕಾಯುವುದಿಲ್ಲ. ನೀರೇ ಸಿಗದಿದ್ದರೆ ಕಾರನ್ನು ಇದ್ದ ಹಾಗೇ ಬಿಡಿ, ಪಂಚೆ ಹಿಡಿದು ಬಂದವರನ್ನೂ ತಡೆಯಿರಿ. ಈ ಸೀಮೆಯ ಮದುವೆ ಮಂಟಪದ ಮುಂದೆ ದೂಳಾದ ಕಾರು ಬಂದು ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದು ಯಾವ ದಾರಿಯಲ್ಲಿ ಬಂತೆಂದು ಎಲ್ಲರಿಗೂ ಗೊತ್ತು.